ಹದಿನೇಳನೇ ನಂಬರಿನ ತೂಕ

ತೂಕದ ಕೋಣೆಯಲ್ಲಿ ಕೂರಲು ಎರಡೇ ಜಾಗ. ಗೋಡೆಯ ಪಕ್ಕಕ್ಕೆ ಒಂದು ಉದ್ದನೆಯ ಬೆಂಚು, ಕಿಟಕಿಯ ಕೆಳಗೆ ಕೈ ಇರುವ ಒಂದು ಮರದ ಕುರ್ಚಿ. ಆ ಕುರ್ಚಿಯನ್ನು ಯಾರೋ ಕಡ್ಡಿಯಂಥ ಅಧಿಕಾರಿ ತನ್ನ ಅಳತೆಗೆ ಮಾಡಿಸಿಕೊಂಡಿದ್ದಿರಬೇಕು. ಈ ಕೋಣೆಗೆ ಬರುವವರಲ್ಲಿ ಅದರ ಎರಡು ಕೈಗಳ ನಡುವೆ ಹಿಡಿಸುವವರು ಕಡಿಮೆ. ಹಾಗಾಗಿ ಎಂಟು ತಿಂಗಳಿಂದ ಅದರಲ್ಲಿ ಹಳೆಯ ಫೈಲುಗಳೇ ಆರಾಮಾಗಿ ಕೂತಿದ್ದವು.

ಆ ಗುರುವಾರ ಹದಿನೇಳನೇ ನಂಬರಿನ ತಾಯಿ ಬಂದಳು. ಬೆಂಚಿನ ಮೇಲೆ ಬೇರೆಯವರು ಇದ್ದರು. ಅವಳು ಫೈಲುಗಳನ್ನು ಎತ್ತಿ ನೆಲದ ಮೇಲಿಟ್ಟು ಕುರ್ಚಿಯಲ್ಲಿ ಕೂತಳು. ಕೂತದ್ದಷ್ಟೇ ಅಲ್ಲ, ಕಾಲ ಮೇಲೆ ಕಾಲನ್ನೂ ಹಾಕಿದಳು.

ತಕ್ಕಡಿ ಅಕ್ಕ ಅದನ್ನು ನೋಡಿದಳು. ನೋಡಿ, ಏನೂ ನೋಡದವಳ ಹಾಗೆ ಪೆನ್ಸಿಲ್ ಚೂಪು ಮಾಡುತ್ತ ಕೂತಳು.

ಅವಳಿಗೆ ಆ ಹೆಸರಿಟ್ಟವರು ಮಕ್ಕಳು. ಕೆಲಸವೂ ಅದೇ: ಬಂದವರನ್ನು ತೂಗುವುದು, ಅಳೆಯುವುದು, ಬರೆಯುವುದು. ಮೊದಲ ಇಪ್ಪತ್ತೆರಡು ವರ್ಷ ಹೆರಿಗೆ ವಾರ್ಡಿನಲ್ಲಿ ಹಸುಗೂಸುಗಳನ್ನು ತೂಗಿದವಳು. ಅಲ್ಲಿ ತಾಯಂದಿರು ಮುಳ್ಳು ಮೇಲೇರಲಿ ಎಂದು ದೇವರನ್ನು ಬೇಡುತ್ತಿದ್ದರು. ನೂರು ಗ್ರಾಂ ಏರಿದರೆ ಅವಳ ಕೈ ಹಿಡಿದು ಅತ್ತವರಿದ್ದರು. ಎಂಟು ವರ್ಷದಿಂದ ಅವಳು ಅದೇ ಕಟ್ಟಡದ ಮೂರನೇ ಮಹಡಿಯಲ್ಲಿದ್ದಳು. ಈಗ ಇಲ್ಲಿ, ಬಹುಶಃ ಅವಳೇ ತೂಗಿದ ಅದೇ ಕೂಸುಗಳ ತಾಯಂದಿರು, ಅಂಕಿ ಕೆಳಗಿಳಿಯಲಿ ಎಂದು ಬೇಡುತ್ತಿದ್ದರು. ದೇವರಿಗೂ ಒಂದು ಸಲ ತಲೆ ಕೆರೆದುಕೊಳ್ಳಬೇಕು ಅನ್ನಿಸುವುದಿಲ್ಲವೇ ಎಂದು ಅಕ್ಕ ಯೋಚಿಸುತ್ತಿದ್ದಳು.

ಅವಳಿಗೆ ಅವಳದೇ ಆದ ಒಂದು ಕಟ್ಟುಪಾಡಿತ್ತು. ತೂಕವನ್ನು ಬಾಯಿಬಿಟ್ಟು ಓದುತ್ತಿರಲಿಲ್ಲ. ಚೀಟಿಯಲ್ಲಿ ಬರೆದು ಮಗುಚಿ ಇಡುತ್ತಿದ್ದಳು. ಬೆಂಚಿನ ಮೇಲೆ ಕೂತ ತಾಯಿ ಕತ್ತು ಚಾಚಿ "ಎಷ್ಟು?" ಎಂದರೆ, "ನಿಮಗ್ಯಾಕಮ್ಮ, ಡಾಕ್ಟ್ರಿಗೆ ಹೇಳ್ತೀನಿ" ಎನ್ನುತ್ತಿದ್ದಳು. ಹದಿನಾಲ್ಕು ವರ್ಷದ ಹುಡುಗಿಯ ತೂಕವನ್ನು ಕೋಣೆ ತುಂಬ ಕೂಗುವುದೂ ಅವಳ ಗುಟ್ಟನ್ನು ಬೀದಿಯಲ್ಲಿ ಹರಾಜು ಹಾಕುವುದೂ ಒಂದೇ ಎಂದು ಅವಳಿಗೆ ಯಾವ ಪುಸ್ತಕವೂ ಹೇಳಿಕೊಟ್ಟಿರಲಿಲ್ಲ.

ಇಲ್ಲಿ ನಡೆಯುತ್ತಿದ್ದುದು ಒಂದು ಸಂಶೋಧನೆ. ತೂಕ ಇಳಿಸುವ ಇಂಜೆಕ್ಷನ್ ಒಂದಿದೆ, ವಾರಕ್ಕೊಂದು. ದೊಡ್ಡವರ ಮೈಯಲ್ಲಿ ಅದು ಏನು ಮಾಡುತ್ತದೆ ಎಂದು ಎಲ್ಲರಿಗೂ ಗೊತ್ತು. ಇನ್ನೂ ಎತ್ತರವಾಗುತ್ತಿರುವ, ದನಿ ಒಡೆಯುತ್ತಿರುವ, ಬಾಗಿಲು ಧಡಾರನೆ ಹಾಕಿಕೊಳ್ಳುವ ವಯಸ್ಸಿನವರ ಮೈಯಲ್ಲಿ ಏನು ಮಾಡುತ್ತದೆ? ಅದನ್ನು ತಿಳಿಯಲು ಹನ್ನೆರಡರಿಂದ ಹದಿನೇಳು ವರ್ಷದ ಅರವತ್ತು ಮಕ್ಕಳನ್ನು ಆರಿಸಿದ್ದರು. ಗುಟ್ಟು ಕಾಯಬೇಕಾದ್ದರಿಂದ ಫೈಲಿನ ಮೇಲೆ ಹೆಸರಿಲ್ಲ, ನಂಬರು ಮಾತ್ರ. ಇಂಜೆಕ್ಷನ್ ಪೆನ್ನಿನ ಆಕಾರದ್ದು. ತಣ್ಣನೆಯ ಚೀಲದಲ್ಲಿಟ್ಟು ಮನೆಗೆ ಕಳಿಸುತ್ತಿದ್ದರು. ವಾರಕ್ಕೊಮ್ಮೆ ಹೆತ್ತವರೇ ಹೊಟ್ಟೆಗೆ ಚುಚ್ಚಬೇಕು. ಮೊದಲ ತಿಂಗಳು ಸ್ವಲ್ಪ, ಆಮೇಲೆ ಮೆಟ್ಟಿಲು ಮೆಟ್ಟಿಲಾಗಿ ಏರಿಸಿ ನಾಲ್ಕನೇ ಮೆಟ್ಟಿಲಿಗೆ ನಿಲ್ಲಿಸಬೇಕು. ಮೆಟ್ಟಿಲಿಗೊಂದು ಬಣ್ಣದ ಪಟ್ಟಿ, ಮೊದಲನೆಯದು ಹಸಿರು, ಕೊನೆಯದು ನೇರಳೆ. ಖಾಲಿ ಪೆನ್ನುಗಳನ್ನು ಹಳದಿ ಡಬ್ಬಿಯಲ್ಲಿ ಹಾಕಿ ವಾಪಸು ತರಬೇಕು. ಓಕರಿಕೆ ಬಂತೇ, ಹಸಿವಾಯಿತೇ, ನಿದ್ದೆ ಹೇಗೆ ಎಂದು ಮಕ್ಕಳು ದಿನಾ ಡೈರಿ ಬರೆಯಬೇಕು.

ನಡೆಸುತ್ತಿದ್ದ ಡಾಕ್ಟರು ಒಳ್ಳೆಯ ಮನುಷ್ಯರು. ಒಂದು ಮಗುವಿನ ಮೇಲೂ ರೇಗಿದವರಲ್ಲ. ಆದರೆ ಅವರ ಕಣ್ಣು ಎದುರಿಗೆ ಕೂತವರಿಗಿಂತ ಪಕ್ಕದ ಕಂಪ್ಯೂಟರಿನ ಮೇಲೆಯೇ ಹೆಚ್ಚು. ಅಲ್ಲಿ ಇಲ್ಲದ್ದು ಅವರ ಪಾಲಿಗೆ ಪ್ರಪಂಚದಲ್ಲೇ ಇಲ್ಲ. ಅವರ ಸ್ವಂತ ಹೊಟ್ಟೆ ಅವರಿಗೂ ಮೇಜಿಗೂ ನಡುವೆ ಮೂರನೆಯವರ ಹಾಗೆ ಬಂದು ಕೂತಿತ್ತು. ಅದು ಯಾವ ನಂಬರಿನ ಫೈಲಿನಲ್ಲೂ ಇರಲಿಲ್ಲವಾದ್ದರಿಂದ ಅವರು ಅದನ್ನೂ ಗಮನಿಸಿರಲಿಲ್ಲ.

ಅವರ ಕಂಪ್ಯೂಟರಿನಲ್ಲಿ ಅರವತ್ತು ಗೆರೆ. ಐವತ್ತೊಂಬತ್ತು ಇಳಿಯುತ್ತಿದ್ದವು, ಕೆಲವು ಭರದಿಂದ, ಕೆಲವು ಸೋಮಾರಿಯಾಗಿ. ಹದಿನೇಳನೇ ನಂಬರಿನದು ಮಾತ್ರ ಏರುತ್ತಿತ್ತು. ಆದರೆ ಆ ಹುಡುಗಿಯ ಡೈರಿ ತೆರೆದರೆ ಬೇರೆಯೇ ಕಥೆ: "ಬೆಳಗ್ಗೆ ಓಕರಿಕೆ." "ಎಣ್ಣೆ ಕಾಯಿಸಿದ ವಾಸನೆಗೆ ಹೊಟ್ಟೆ ತೊಳೆಸಿತು." "ಎರಡು ತುತ್ತಿಗೇ ಸಾಕಾಯಿತು." "ಹುಳಿತೇಗು."

ಆ ಗುರುವಾರ ಡಾಕ್ಟರು ತೂಕದ ಚೀಟಿಯನ್ನು ನೋಡಿ ದುಃಖಪಡಬೇಕಾಗಿತ್ತು. ಆದರೆ ಅವರ ಮುಖ ಹಬ್ಬದ ಹಾಗೆ ಬೆಳಗುತ್ತಿತ್ತು.

"ಏನಮ್ಮ, ಗೊತ್ತಾಯ್ತಾ ಇದೇನು ಅಂತ?" ಎಂದು ಅಕ್ಕನನ್ನು ಕೇಳಿದರು. "ಅಡ್ಡಪರಿಣಾಮ ಅಷ್ಟೂ ಇದೆ. ಪರಿಣಾಮ ಮಾತ್ರ ಇಲ್ಲ! ಇಂಥ ಮೈ ಪ್ರಪಂಚದಲ್ಲಿ ಯಾರಿಗೂ ಸಿಕ್ಕಿಲ್ಲ. ನಮಗೆ ಸಿಕ್ಕಿದೆ."

"ಔಷಧಿ ಸರಿಯಾಗಿ ಹೋಗ್ತಿದೆಯಾ ಸಾರ್?"

"ಹೋಗದೆ? ಮೂವತ್ನಾಲ್ಕು ಪೆನ್ನು ಕೊಟ್ವಿ, ಮೂವತ್ನಾಲ್ಕೂ ಖಾಲಿಯಾಗಿ ಬಂದಿವೆ. ಪೆನ್ನು ಖಾಲಿ ಅಂದ್ರೆ ಔಷಧಿ ಒಳಗೆ ಹೋಗಿದೆ ಅಂತ ತಾನೇ?"

"ರಕ್ತ ಪರೀಕ್ಷೆ?"

"ಅದು ಕಂಪನಿಯ ಲ್ಯಾಬಿಗೆ ಹೋಗುತ್ತೆ. ಅಧ್ಯಯನ ಮುಗಿದ ಮೇಲೇ ಬರೋದು."

ಅಕ್ಕ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಒಂದು ಮಾತು ಹೇಳಿದಳು. "ಒಂದ್ಸಲ ಅವರಮ್ಮನ್ನ ನೋಡಿ ಸಾರ್."

"ನೋಡಿದೀನಲ್ಲ. ತುಂಬ ಜವಾಬ್ದಾರಿ ಇರೋ ಹೆಂಗಸು. ಒಂದು ಪೆನ್ನೂ ತಪ್ಪಿಸಿಲ್ಲ."

"ಅದೇ ಸಾರ್. ಒಂದೂ ತಪ್ಪಿಸಿಲ್ಲ."

ಡಾಕ್ಟರಿಗೆ ಅದು ಹೊಗಳಿಕೆಯಂತೆ ಕೇಳಿಸಿತು. ಕೂಸು ಹುಟ್ಟುವ ಮೊದಲೇ ಕುಲಾವಿ ಎಂಬಂತೆ ಅವರು ಆಗಲೇ ಒಂದು ಲೇಖನಕ್ಕೆ ತಲೆಬರಹ ಇಟ್ಟಿದ್ದರು, ದೊಡ್ಡ ಸಮ್ಮೇಳನವೊಂದರಲ್ಲಿ ಮಾತಾಡಲು ಹೆಸರನ್ನೂ ಕೊಟ್ಟಿದ್ದರು. ಇನ್ನು ಉಳಿದದ್ದು ಒಂದೇ ಕೆಲಸ. ಮುಂದಿನ ಗುರುವಾರ ಹುಡುಗಿಯನ್ನು ಎರಡು ದಿನ ವಾರ್ಡಿನಲ್ಲಿ ಇಟ್ಟುಕೊಳ್ಳುವುದು. ನೇರಳೆ ಪಟ್ಟಿಯ ಪೂರ್ತಿ ಡೋಸನ್ನು ತಮ್ಮ ಕಣ್ಣೆದುರೇ ಸಿಸ್ಟರ್ ಕೈಯಲ್ಲಿ ಹಾಕಿಸುವುದು. ಆಮೇಲೆ ಏನಾಗುವುದಿಲ್ಲ ಎಂಬುದನ್ನು ಗಂಟೆಗಂಟೆಗೂ ಬರೆದಿಡುವುದು. ಒಂದು ಇಂಜೆಕ್ಷನ್ ಇಲ್ಲೇ ಹಾಕುತ್ತೇವೆ ಎಂದು ತಾಯಿ ಮಗಳಿಗೆ ಆಗಲೇ ಹೇಳಿಯಾಗಿತ್ತು, ಯಾವ ಪಟ್ಟಿಯದು ಎಂದು ಹೇಳಿರಲಿಲ್ಲ.

ಅಕ್ಕ ಕಾರಿಡಾರಿನಲ್ಲಿ ಸಿಸ್ಟರನ್ನು ಹಿಡಿದು ಕೇಳಿದಳು:

"ಒಂದು ತೊಟ್ಟೂ ತಗೊಳ್ಳದ ಮಗುಗೆ ನೇರವಾಗಿ ನೇರಳೆ ಪಟ್ಟಿದು ಹಾಕಿದ್ರೆ ಏನಾಗುತ್ತೆ?"

"ಅಯ್ಯೋ, ಯಾರು ಹಾಕ್ತಾರೆ ಹಂಗೆ! ವಾಂತಿ ನಿಲ್ಲಲ್ಲ ಅಕ್ಕ. ನೀರು ಕೂಡ ಹೊಟ್ಟೇಲಿ ನಿಲ್ಲಲ್ಲ. ವಾರಗಟ್ಟಲೆ ಡ್ರಿಪ್ಪಲ್ಲಿ ಮಲಗಿಸ್ಬೇಕು. ಹಾಕಿದ್ದನ್ನ ವಾಪಸ್ ತೆಗಿಯೋಕೂ ಆಗಲ್ವಲ್ಲ. ಅದಕ್ಕೇ ತಾನೇ ಮೆಟ್ಟಿಲಾಗಿ ಏರ್ಸೋದು? ಯಾಕೆ?"

"ಸುಮ್ನೆ. ತಿಳ್ಕೊಳ್ಳೋಣ ಅಂತ."

ಅಲ್ಲಿಂದ ಅವಳು ನೇರವಾಗಿ ಪರದೆಯ ಹಿಂದಕ್ಕೆ ಹೋದಳು. ಹದಿನೇಳನೇ ನಂಬರಿನ ಹುಡುಗಿ ತೂಕಕ್ಕೆಂದು ಕೊಡುವ ತೆಳು ಅಂಗಿ ಬಿಚ್ಚಿ ತನ್ನ ಬಟ್ಟೆ ಹಾಕಿಕೊಂಡು ಶೂ ಕಟ್ಟುತ್ತಿದ್ದಳು. ಹದಿನಾಲ್ಕು ವರ್ಷ, ದುಂಡುಮುಖ, ಉಗುರಿನ ಮೇಲೆ ನೀಲಿ ಶಾಯಿಯ ಚಿತ್ರಗಳು. ಎಂಟು ತಿಂಗಳಲ್ಲಿ ಎರಡು ಕೆಜಿ ಏರಿದ್ದು ನಿಜ. ನಾಲ್ಕು ಸೆಂಟಿಮೀಟರ್ ಉದ್ದವಾದದ್ದೂ ಅಷ್ಟೇ ನಿಜ. ಅಳತೆಕೋಲಿಗೆ ಬೆನ್ನು ಕೊಟ್ಟು ನಿಂತಾಗ ಅವಳು ಅಕ್ಕನ ಗದ್ದ ದಾಟಿ ಕಿವಿಗೆ ಬಂದಿದ್ದಳು.

"ಮರಿ, ಸೂಜಿ ಚುಚ್ಚಿದಾಗ ಪೆನ್ನು ಎಷ್ಟು ಸಲ ಟಿಕ್ ಅನ್ನುತ್ತೆ?"

"ಎರಡು ಸಲ," ಎಂದಳು ಹುಡುಗಿ ತಡವರಿಸದೆ.

"ಜಾಣೆ. ನೋವಾಗುತ್ತಾ?"

"ಮೊದಮೊದಲು ಕಣ್ಣು ಮುಚ್ಕೋತಿದ್ಲು, ಈಗ ಟೀವಿ ನೋಡ್ಕೊಂಡೇ..."

ಹುಡುಗಿಯ ಕೈ ಶೂ ದಾರದ ಮೇಲೇ ನಿಂತಿತು. ಅಕ್ಕ ಅವಳ ಎದುರು ಸ್ಟೂಲು ಎಳೆದುಕೊಂಡು ಕೂತು, ದಾರವನ್ನು ತಾನೇ ತೆಗೆದುಕೊಂಡು ಗಂಟು ಹಾಕತೊಡಗಿದಳು.

"ಯಾರು ಕಣ್ಣು ಮುಚ್ಕೋತಿದ್ದಿದ್ದು?"

"ಅಕ್ಕ, ಅಮ್ಮನ್ನ ಪೊಲೀಸಿಗೆ ಕೊಡ್ತಾರಾ?"

"ತೂಕ ಇಳಿಸ್ಕೊಂಡೋರನ್ನೆಲ್ಲ ಜೈಲಿಗೆ ಹಾಕಿದ್ರೆ ಜೈಲಲ್ಲಿ ಜಾಗ ಜಾಸ್ತಿ ಆಗುತ್ತೆ ಅಷ್ಟೆ. ಹೇಳು."

ಹುಡುಗಿ ಫಕ್ಕನೆ ನಕ್ಕು, ಕೂಡಲೇ ಅಳುವ ಮುಖ ಮಾಡಿದಳು. "ನಾನು ಹೇಳಲ್ಲ. ನೀವೂ ಹೇಳ್ಬಾರ್ದು. ಅಮ್ಮ ಈಗ ನನ್ನ ಜೊತೆ ಮೆಟ್ಟಿಲು ಹತ್ತುತ್ತಾಳೆ ಗೊತ್ತಾ? ಮೊದಲು ಎರಡನೇ ಮಹಡಿಗೇ ಏದುಸಿರು ಬಿಡ್ತಿದ್ಲು. ನನ್ನ ತಟ್ಟೆ ಕಡೆ ನೋಡೋದೂ ಬಿಟ್ಟಿದಾಳೆ. ಮೊದಲು ನಾನು ಒಂದು ಬ್ರೆಡ್ ತಗೊಂಡ್ರೆ ಅವಳ ಕಣ್ಣು ಅದರ ಹಿಂದೇನೇ ಬರ್ತಿತ್ತು. ಈಗ ಅವಳಿಗೆ ಬ್ರೆಡ್ಡಿನ ನೆನಪೇ ಇರಲ್ಲ."

"ಮುಂದಿನ ಗುರುವಾರ ನಿನಗೆ ಹಾಕ್ತಾರಲ್ಲ?"

"ಒಂದೇ ಒಂದು ತಾನೇ? ಹಾಕಿಸ್ಕೋತೀನಿ. ಮೂವತ್ನಾಲ್ಕು ಅಮ್ಮ ತಡ್ಕೊಂಡಿಲ್ವಾ?"

"ಮರಿ, ಅದು ಹಂಗಲ್ಲ. ನಿಮ್ಮಮ್ಮ ಒಂದೊಂದೇ ಮೆಟ್ಟಿಲು ಹತ್ತಿದಾಳೆ. ನಿನ್ನನ್ನ ನೆಲದಿಂದ ಎತ್ತಿ ನೇರ ಮಾಳಿಗೆಗೆ ಎಸೀತಾರೆ."

"ಬೀಳಲ್ಲ ಬಿಡಿ," ಎಂದಳು ಹುಡುಗಿ, ಆ ವಯಸ್ಸಿನವರ ಮೊಂಡುತನದಲ್ಲಿ. "ಪ್ರಮಾಣ ಮಾಡಿ. ನಾನು ಹೇಳಿದ್ದು ನಿಮ್ಮ ಬಾಯಿಂದ ಬರಲ್ಲ ಅಂತ."

ಅಕ್ಕನಿಗೆ ಬೇರೆ ದಾರಿ ತೋಚಲಿಲ್ಲ. ಮಕ್ಕಳು ಪರದೆಯ ಹಿಂದೆ ಹೇಳಿದ್ದು ಪರದೆಯ ಹಿಂದೆಯೇ ಉಳಿಯುತ್ತದೆ ಎಂಬ ನಂಬಿಕೆಯಿಂದಲೇ ಆ ಕೋಣೆ ನಡೆಯುತ್ತಿತ್ತು. ಒಮ್ಮೆ ಅದನ್ನು ಮುರಿದರೆ ನಾಳೆಯಿಂದ ಅರವತ್ತು ಮಕ್ಕಳೂ ಡಾಕ್ಟರಿಗೆ ಹೇಳುವಷ್ಟೇ ಅವಳಿಗೂ ಹೇಳುತ್ತಾರೆ, ಅಂದರೆ ಏನೂ ಇಲ್ಲ.

"ನನ್ನ ಬಾಯಿಂದ ಬರಲ್ಲ," ಎಂದಳು.

ಆ ವಾರವೆಲ್ಲ ಅವಳಿಗೆ ಊಟ ಸೇರಲಿಲ್ಲ. ಇಂಜೆಕ್ಷನ್ನೇ ಬೇಡ, ಇನ್ನೊಬ್ಬರ ಗುಟ್ಟೊಂದು ಇದ್ದರೆ ಸಾಕು, ಹಸಿವು ತಾನಾಗಿ ಹೋಗುತ್ತದೆ ಎಂದುಕೊಂಡಳು. ತಾಯಿಗೆ ಫೋನು ಮಾಡೋಣವೆಂದರೆ ಫೈಲಿನಲ್ಲಿ ಹೆಸರೂ ಇಲ್ಲ, ಫೋನ್ ನಂಬರೂ ಇಲ್ಲ. ಎಲ್ಲ ಡಾಕ್ಟರ ಬೀರುವಿನಲ್ಲಿ ಬೀಗ ಹಾಕಿ ಭದ್ರ. ಸೋಮವಾರ ಮತ್ತೊಮ್ಮೆ ಡಾಕ್ಟರ ಬಳಿ ಹೋಗಿ, "ಸಾರ್, ಆ ಹುಡುಗಿ ಔಷಧಿ ತಗೊಳ್ತಿದಾಳೋ ಇಲ್ವೋ ಅಂತ ನನಗೆ ಅನುಮಾನ" ಎಂದಳು. ಡಾಕ್ಟರು ಪ್ರೀತಿಯಿಂದಲೇ, "ಅನುಮಾನ ಬೇಡಮ್ಮ, ಅಂಕಿಅಂಶ ಇದ್ರೆ ಕೊಡಿ" ಎಂದು ಕಂಪ್ಯೂಟರಿನ ಕಡೆ ತಿರುಗಿದರು.

ಆ ಮಾತು ಅವಳ ತಲೆಯಲ್ಲಿ ಕೂತಿತು. ಅಂಕಿ ಬೇಕೇ? ಅಂಕಿ ಒಂದಿತ್ತು.

ಅಧ್ಯಯನ ಶುರುವಾದ ದಿನ ತುಂಬಬೇಕಾದ ಫಾರಮ್ಮಿನಲ್ಲಿ ಹೆತ್ತವರ ಎತ್ತರ ತೂಕ ಕೇಳುವ ಒಂದು ಸಾಲಿತ್ತು. ಬೇರೆ ಕಡೆ ಅದನ್ನು ಕೇಳಿ ಬರೆದುಕೊಳ್ಳುತ್ತಾರೆ. ಅಕ್ಕ ಹಾಗೆ ಮಾಡುವವಳಲ್ಲ. ತೂಕದ ವಿಷಯದಲ್ಲಿ ಯಾರೂ ಸುಳ್ಳು ಹೇಳುವುದಿಲ್ಲ, ಹಳೆಯದನ್ನು ಹೇಳುತ್ತಾರೆ ಅಷ್ಟೆ, ಮದುವೆಯ ವರ್ಷದ್ದು. ಹಾಗಾಗಿ ಅವಳು ಪ್ರತಿಯೊಬ್ಬ ತಾಯಿಯನ್ನೂ ತಂದೆಯನ್ನೂ ತಕ್ಕಡಿ ಹತ್ತಿಸಿ ಬರೆದಿದ್ದಳು. ಹದಿನೇಳನೇ ನಂಬರಿನ ತಾಯಿ: ಎಂಬತ್ತಾರು ಪಾಯಿಂಟ್ ನಾಲ್ಕು ಕೆಜಿ.

ಗುರುವಾರ ಬಂತು. ತಾಯಿ ಮಗಳು ಚೀಲ ಹಿಡಿದು ಬಂದರು. ಸಿಸ್ಟರ್ ಟ್ರೇ ತಂದಳು; ಟ್ರೇಯಲ್ಲಿ ನೇರಳೆ ಪಟ್ಟಿಯ ಪೆನ್ನು. ಡಾಕ್ಟರು ಗಡಿಯಾರ ನೋಡಿಕೊಂಡು, ಹೊಸ ಪುಸ್ತಕವೊಂದನ್ನು ತೆರೆದು, ಮೊದಲ ಪುಟದಲ್ಲಿ ಸಮಯ ಬರೆದರು. ಹುಡುಗಿ ತೂಕದ ಅಂಗಿ ಹಾಕಿಕೊಂಡು ಮಂಚದ ಅಂಚಿನಲ್ಲಿ ಕೂತಳು, ಅಕ್ಕನ ಕಡೆ ನೋಡದೆ.

ನಿಯಮದ ಪ್ರಕಾರ ಹೆತ್ತವರು ಹೊರಗೆ ಬೆಂಚಿನ ಮೇಲಿರಬೇಕು. ಅಕ್ಕ ತಾಯಿಯನ್ನು ಒಳಗೇ ನಿಲ್ಲಿಸಿಕೊಂಡಳು.

"ಅಮ್ಮಾ, ಒಂಚೂರು ತಕ್ಕಡಿ ಹತ್ತಿ. ಬೆಳಗ್ಗೆಯಿಂದ ಯಾಕೋ ಇದರ ಮೇಲೆ ನನಗೆ ನಂಬಿಕೆ ಇಲ್ಲ. ನಿಮ್ಮ ತೂಕ ನನ್ನ ಹತ್ರ ಬರೆದಿಟ್ಟಿದೆ, ತಾಳೆ ನೋಡ್ತೀನಿ."

ತಾಯಿಯ ಕೈ ವಾಚಿನ ಪಟ್ಟಿಯ ಮೇಲೆ ಹೋಯಿತು. ಅದು ಮಣಿಕಟ್ಟಿನ ಸುತ್ತ ಬಳೆಯ ಹಾಗೆ ತಿರುಗುತ್ತಿತ್ತು. "ನಾನ್ಯಾಕೆ ಅಕ್ಕ? ಅಲ್ಲಿ ಕಬ್ಬಿಣದ ತೂಕ ಇಟ್ಟಿದೀರಲ್ಲ?"

"ಕಬ್ಬಿಣ ಯಾವತ್ತೂ ಅಷ್ಟೇ ಇರುತ್ತೆ. ಅದರಿಂದ ಏನು ಗೊತ್ತಾಗುತ್ತೆ?"

"ಹತ್ತಿ ಹತ್ತಿ, ಬೇಗ ಮುಗೀಲಿ," ಎಂದರು ಡಾಕ್ಟರು ಪುಸ್ತಕದಿಂದ ತಲೆಯೆತ್ತದೆ.

ತಾಯಿ ಹತ್ತಿದಳು. ಎಂಟು ವರ್ಷದಲ್ಲಿ ಮೊದಲ ಬಾರಿಗೆ, ಮೂರನೇ ಮಹಡಿಯ ಆ ಕೋಣೆಯಲ್ಲಿ, ತಕ್ಕಡಿ ಅಕ್ಕ ತೂಕವನ್ನು ಗಟ್ಟಿಯಾಗಿ ಓದಿದಳು.

"ಎಪ್ಪತ್ತೆರಡೂ ಒಂಬತ್ತು! ಸಾರ್, ಫೈಲಲ್ಲಿ ಎಂಬತ್ತಾರೂ ನಾಲ್ಕು ಇದೆ. ಅಂಕಿಅಂಶ ಕೇಳಿದ್ರಲ್ಲ?"

ಈಗ ಡಾಕ್ಟರು ತಲೆಯೆತ್ತಿದರು. ಫೈಲು ನೋಡಿದರು, ತಕ್ಕಡಿ ನೋಡಿದರು, ಕೊನೆಗೆ, ಎಂಟು ತಿಂಗಳಲ್ಲಿ ಮೊದಲ ಸಲ, ಆ ತಾಯಿಯನ್ನು ನೋಡಿದರು. ಬೆಲ್ಟಿಗೆ ಹೊಸದಾಗಿ ಮೂರು ತೂತು. ಭುಜದಿಂದ ಜಾರುವ ಅಂಗಿ.

"ಹದಿಮೂರೂವರೆ ಕೆಜಿ," ಎಂದರು ಮೆಲ್ಲಗೆ. ಅಕ್ಕ ಉಸಿರು ಬಿಟ್ಟಳು. ಅರ್ಥವಾಯಿತಲ್ಲ ಸದ್ಯ, ಎಂದುಕೊಂಡಳು.

ಡಾಕ್ಟರ ಕಣ್ಣು ಅರಳಿತು. "ಇದು ಇನ್ನೂ ದೊಡ್ಡದು! ಮಗು ಔಷಧಿ ತಗೊಂಡ್ರೆ ತಾಯಿ ತೂಕ ಇಳೀತಿದೆ! ಮಗುವಿನ ಜೊತೆ ಮನೆಯೋರ ಅಭ್ಯಾಸಾನೂ ಬದಲಾಗುತ್ತೆ ಅಂತ ಇದರರ್ಥ. ಕುಟುಂಬದ ಮೇಲಿನ ಪರಿಣಾಮ! ಇದಕ್ಕೇ ಬೇರೆ ಲೇಖನ ಬರೀಬಹುದು. ಸಿಸ್ಟರ್, ಶುರು ಮಾಡಿ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ ಎಂಬ ಗಾದೆಯನ್ನು ಅಕ್ಕ ಚಿಕ್ಕಂದಿನಿಂದ ಕೇಳಿದ್ದಳು. ಬರೆ ಎಮ್ಮೆಗೆ ಬಿದ್ದು ಎತ್ತಿನ ಮೇಲೆ ಕಲೆ ಹುಡುಕುವವರನ್ನು ಈಗಲೇ ಕಂಡದ್ದು.

ಸಿಸ್ಟರ್ ಪೆನ್ನಿನ ಮುಚ್ಚಳ ತೆಗೆದಳು. ಹುಡುಗಿ ಅಂಗಿಯನ್ನು ಸ್ವಲ್ಪ ಎತ್ತಿ, ಕಣ್ಣು ಬಿಗಿಯಾಗಿ ಮುಚ್ಚಿಕೊಂಡಳು.

"ಸಾರ್," ಎಂದಳು ಅಕ್ಕ, ಡಾಕ್ಟರನ್ನಲ್ಲ, ತಾಯಿಯನ್ನು ನೋಡುತ್ತ. "ಮೂವತ್ನಾಲ್ಕು ಪೆನ್ನು ಖಾಲಿ ಬಂದಿವೆ, ಔಷಧಿ ಒಳಗೆ ಹೋಗಿದೆ ಅಂದ್ರಿ. ಹೋಗಿರ್ಬೋದು. ಯಾರ ಒಳಗೆ ಅಂತ ಪೆನ್ನು ಹೇಳುತ್ತಾ?"

ಸಿಸ್ಟರ್ ತಿರುಗಿ ಡಾಕ್ಟರನ್ನು ನೋಡಿದಳು.

"ನನ್ನೊಳಗೇ!" ಎಂದು ಹುಡುಗಿ ಕಣ್ಣು ಮುಚ್ಚಿಕೊಂಡೇ ಕೂಗಿದಳು. "ಹಾಕಿ ಸಿಸ್ಟರ್, ಬೇಗ ಹಾಕಿ!"

ತಾಯಿ ಅಲ್ಲಿಯವರೆಗೆ ಟ್ರೇಯ ಕಡೆ ನೋಡಿರಲಿಲ್ಲ. ಈಗ ನೋಡಿದಳು. ನೇರಳೆ ಪಟ್ಟಿ ಕಂಡದ್ದೇ ತಕ್ಕಡಿಯಿಂದ ಧುಮುಕಿ ಸಿಸ್ಟರ್ ಮಣಿಕಟ್ಟನ್ನು ಹಿಡಿದುಕೊಂಡಳು.

"ಬೇಡ! ಅದು ಬೇಡ! ಹಸಿರು ಪಟ್ಟಿದು ಒಂದು ಹಾಕ್ತೀರಿ ಅಂದ್ಕೊಂಡಿದ್ದೆ. ನೇರಳೆದು ಹಾಕ್ಕೊಂಡ ಮೊದಲ ವಾರ ನಾನು ಬಚ್ಚಲ ಗೋಡೆ ಬಿಟ್ಟು ಈಚೆ ಬಂದಿಲ್ಲ. ಅದೂ ಮೂರು ತಿಂಗಳು ಅಭ್ಯಾಸ ಆಗಿದ್ದೋಳು! ಇವಳ ಮೈಗೆ ಒಂದು ತೊಟ್ಟೂ ಹೋಗಿಲ್ಲ ಡಾಕ್ಟ್ರೇ. ಎಲ್ಲ ನಂಗೇ ಹೋಗಿದೆ."

"ಅಮ್ಮಾ!" ಎಂದಳು ಹುಡುಗಿ.

"ಸುಮ್ನಿರು ನೀನು. ಹಾಕಿಸ್ಕೊಳ್ಳೋಕೆ ಕೂತಿದಾಳೆ, ದೊಡ್ಡ ಧೀರೆ."

ಡಾಕ್ಟರಿಗೆ ಕೂರಬೇಕೆನಿಸಿತು. ಹಿಂದೆ ಸರಿದು ಕಿಟಕಿಯ ಕೆಳಗಿನ ಕುರ್ಚಿಯಲ್ಲಿ ಕೂರಲು ಹೋದರು. ಕುರ್ಚಿ ಒಪ್ಪಲಿಲ್ಲ. ಅದರ ಎರಡು ಕೈಗಳ ಮೇಲೆಯೇ ಅರೆಕ್ಷಣ ನಿಂತಂತಾಗಿ, ಅಲ್ಲಿಂದ ಎದ್ದು ಹುಡುಗಿಯ ಪಕ್ಕ ಮಂಚದ ಮೇಲೆಯೇ ಕೂತರು.

"ಯಾಕಮ್ಮ?" ಎಂದರು. ಬೈಗುಳವಲ್ಲ, ನಿಜವಾಗಿ ತಿಳಿಯದೆ ಕೇಳಿದ್ದು.

ತಾಯಿ ತನ್ನ ಮಣಿಕಟ್ಟನ್ನೇ ತೋರಿಸಿದಳು. "ಇವಳು ಹುಟ್ಟಿದಾಗಿಂದ ಹಾಲು ಬಿಸಿ ಇದೆಯಾ ಅಂತ ಇಲ್ಲಿ ಒಂದು ತೊಟ್ಟು ಬಿಟ್ಕೊಂಡು ನೋಡದೆ ಕೊಟ್ಟೋಳಲ್ಲ ನಾನು. ಜ್ವರದ ಔಷಧೀನೂ ನಾಲಿಗೆಗೆ ಮುಟ್ಟಿಸ್ಕೊಂಡೇ ಕೊಡೋದು. ನೀವು ಕೊಟ್ಟ ಕಾಗದದಲ್ಲಿ ಬರೆದಿತ್ತು, ಮಕ್ಕಳಲ್ಲಿ ಇದು ಏನು ಮಾಡುತ್ತೆ ಅಂತ ಇನ್ನೂ ಪೂರ್ತಿ ಗೊತ್ತಿಲ್ಲ ಅಂತ. ಸಹಿ ಹಾಕಿ ಮನೆಗೆ ಹೋದೆ. ಪೆನ್ನು ಕೈಗೆ ತಗೊಂಡೆ. ಗೊತ್ತಿಲ್ಲದ್ದನ್ನ ಹೆಂಗೆ ಚುಚ್ಚೋದು? ಮೊದಲನೇದು ನಾನು ಹಾಕ್ಕೊಂಡು ನೋಡಿದೆ. ಎರಡನೇದೂ ನೋಡೋಣ ಅಂದ್ಕೊಂಡೆ. ನಾಲ್ಕನೇದರ ಹೊತ್ತಿಗೆ ಬೆಲ್ಟು ಒಂದು ತೂತು ಒಳಗೆ ಬಂತು. ಆಮೇಲೆ..."

"ಆಮೇಲೆ?"

"ಆಮೇಲೆ ರುಚಿ ನೋಡೋದು ನಿಲ್ಸೋಕೆ ಮನಸ್ಸು ಬರ್ಲಿಲ್ಲ."

ಸಿಸ್ಟರ್ ಪೆನ್ನಿಗೆ ಮುಚ್ಚಳ ಹಾಕಿ ಆ ಕಡೆ ತಿರುಗಿ ನಿಂತಳು. ಅವಳ ಭುಜ ಅಲುಗುತ್ತಿತ್ತು. ನಗುತ್ತಿದ್ದಾಳೆಂದು ಅಕ್ಕನಿಗೆ ಗೊತ್ತು.

"ಡೈರಿಯಲ್ಲಿ ಓಕರಿಕೆ ಅಂತ ಬರೆದಿದ್ದೀಯಲ್ಲ, ಅದು ಸುಳ್ಳಾ?" ಎಂದು ಡಾಕ್ಟರು ಹುಡುಗಿಯನ್ನು ಕೇಳಿದರು.

"ಸುಳ್ಳಲ್ಲ ಡಾಕ್ಟ್ರೇ. 'ಇವತ್ತು ಓಕರಿಕೆ ಇತ್ತೇ' ಅಂತ ಕೇಳಿತ್ತು. ಇತ್ತು. ಯಾರಿಗೆ ಅಂತ ಕೇಳಿರ್ಲಿಲ್ಲ."

ಡಾಕ್ಟರು ಹೊಸ ಪುಸ್ತಕದ ಮೊದಲ ಪುಟವನ್ನು ನೋಡಿದರು. ಅದರಲ್ಲಿ ಸಮಯ ಮಾತ್ರ ಇತ್ತು. ಅದನ್ನು ಮುಚ್ಚಿ, "ಹಾಕಿಬಿಡ್ತಿದ್ದೆ" ಎಂದರು. ಯಾರಿಗೂ ಹೇಳಿದ್ದಲ್ಲ. ಅವರ ಕೈ ಪಕ್ಕದಲ್ಲಿದ್ದ ಹುಡುಗಿಯ ತಲೆಯ ಮೇಲೆ ಹೋಗಿ ಒಂದು ಸಲ ಸವರಿ ವಾಪಸು ಬಂತು.

ಪರದೆಯ ಹಿಂದೆ ಬಟ್ಟೆ ಬದಲಿಸುವಾಗ ಹುಡುಗಿ ಅಕ್ಕನ ಮೇಲೆ ಸಿಟ್ಟಾಗಿದ್ದಳು. "ಹೇಳಲ್ಲ ಅಂದಿದ್ರಿ."

"ನಾನೆಲ್ಲಿ ಹೇಳ್ದೆ? ತಕ್ಕಡಿ ಓದ್ದೆ, ಒಂದು ಪ್ರಶ್ನೆ ಕೇಳ್ದೆ. ಹೇಳಿದ್ದು ನಿಮ್ಮಮ್ಮ."

ಹುಡುಗಿ ಸ್ವಲ್ಪ ಯೋಚಿಸಿದಳು. "ನೀವು ಭಾರಿ ಕಿಲಾಡಿ ಇದೀರಿ ಅಕ್ಕ," ಎಂದು, ಶೂ ದಾರ ಕಟ್ಟಲು ಕಾಲನ್ನು ಅವಳ ಮುಂದೆ ಚಾಚಿದಳು.

ಹದಿನೇಳನೇ ನಂಬರನ್ನು ಅಧ್ಯಯನದಿಂದ ತೆಗೆಯುವ ಫಾರಮ್ಮಿನಲ್ಲಿ ಕಾರಣಕ್ಕೆ ನಾಲ್ಕು ಚೌಕಗಳಿದ್ದವು: ಊರು ಬಿಟ್ಟರು, ಒಪ್ಪಿಗೆ ಹಿಂಪಡೆದರು, ಔಷಧಿ ಹಿಡಿಸಲಿಲ್ಲ, ಇತರೆ. ಡಾಕ್ಟರು 'ಇತರೆ'ಗೆ ಗುರುತು ಹಾಕಿ, ಪಕ್ಕದ ಚಿಕ್ಕ ಜಾಗದಲ್ಲಿ 'ಔಷಧಿ ತಾಯಿಗೆ ಹಿಡಿಸಿತು' ಎಂದು ಬರೆದರು. ಅವರಲ್ಲಿ ಅಷ್ಟು ಹಾಸ್ಯ ಇದೆಯೆಂದು ಅಕ್ಕನಿಗೆ ಗೊತ್ತಿರಲಿಲ್ಲ. ಅವರಿಗೂ ಗೊತ್ತಿರಲಿಲ್ಲ, ಅವರು ಬರೆದದ್ದು ಗಂಭೀರವಾಗಿಯೇ.

ಮೂರು ವಾರಕ್ಕೆ ಕಂಪನಿಯಿಂದ ಸುತ್ತೋಲೆ ಬಂತು. ಇನ್ನುಮುಂದೆ ಮಕ್ಕಳ ಜೊತೆ ಪೋಷಕರನ್ನೂ ತಿಂಗಳಿಗೊಮ್ಮೆ ತೂಗತಕ್ಕದ್ದು. ಅಕ್ಕನ ಕೆಲಸ ಎರಡರಷ್ಟಾಯಿತು, ಸಂಬಳ ಇದ್ದಷ್ಟೇ ಇತ್ತು. ಮೊದಲ ತಿಂಗಳ ತೂಕ ಮುಗಿದಾಗ ಸೋಮಾರಿ ಗೆರೆಗಳ ಗುಟ್ಟೂ ಹೊರಬಿತ್ತು: ಮಕ್ಕಳ ಜೊತೆ ವಾರ ಬಿಟ್ಟು ವಾರ ಹಂಚಿಕೊಂಡಿದ್ದ ನಾಲ್ವರು ತಾಯಂದಿರು, ಇಬ್ಬರು ಅಪ್ಪಂದಿರು, ಮತ್ತು "ನಂಗೇನೂ ಗೊತ್ತಿಲ್ಲಮ್ಮ, ಫ್ರಿಜ್ಜಲ್ಲಿತ್ತು" ಎಂದು ಹೇಳಿದ ಒಬ್ಬ ಅಜ್ಜಿ. ಡಾಕ್ಟರು ಸಮ್ಮೇಳನಕ್ಕೆ ಹೋದರು. ಮಕ್ಕಳಿಗೆಂದು ಮನೆಗೆ ಕಳಿಸಿದ ಔಷಧಿ ಮನೆಯಲ್ಲಿ ಎಲ್ಲೆಲ್ಲಿ ಹೋಗುತ್ತದೆ ಎಂಬ ಬಗ್ಗೆ ಮಾತಾಡಿದರು, ಚಪ್ಪಾಳೆ ಬಿತ್ತಂತೆ. ಲೇಖನದ ಕೊನೆಯಲ್ಲಿ, ನಿಖರವಾದ ತೂಕದ ಯಂತ್ರಕ್ಕೆ ಕೃತಜ್ಞತೆ ಹೇಳಿದ್ದರು. ಅಕ್ಕ ಆ ಯಂತ್ರವನ್ನು ಆ ದಿನ ಇನ್ನೂ ಸ್ವಲ್ಪ ಚೆನ್ನಾಗಿ ಒರೆಸಿದಳು.

ನಾಲ್ಕು ತಿಂಗಳಾದ ಮೇಲೆ ಒಂದು ಮಂಗಳವಾರ, ದೊಡ್ಡವರ ವಿಭಾಗದ ಚೀಟಿ ಹಿಡಿದು ಇಬ್ಬರು ತೂಕದ ಕೋಣೆಗೆ ಬಂದರು. ಚೀಟಿಯಲ್ಲಿ ಈ ಸಲ ನಂಬರಲ್ಲ, ತಾಯಿಯ ಹೆಸರೇ ಇತ್ತು. ಬೇರೆ ಡಾಕ್ಟರೊಬ್ಬರು ಪರೀಕ್ಷೆ ಮಾಡಿ ಅವಳಿಗೆ ಅವಳದೇ ಔಷಧಿ ಬರೆದಿದ್ದರು, ಮತ್ತೆ ಮೊದಲ ಮೆಟ್ಟಿಲಿನಿಂದ. ಹುಡುಗಿ ಇನ್ನೊಂದು ಬೆರಳಿನಷ್ಟು ಉದ್ದವಾಗಿದ್ದಳು.

"ನಿನಗೇನಂದ್ರು ಮರಿ?" ಎಂದಳು ಅಕ್ಕ.

"ವರ್ಷ ಬಿಟ್ಟು ಬಾ, ನೋಡೋಣ ಅಂದ್ರು. ಬೇಕೋ ಬೇಡ್ವೋ ಅಂತ ನನ್ನನ್ನೂ ಕೇಳ್ತಾರಂತೆ." ಅವಳು ಕುರ್ಚಿಯ ಪಕ್ಕ ಕಿಟಕಿಗೆ ಒರಗಿ, ಚೀಲದಿಂದ ಒಂದು ಪುಸ್ತಕ ತೆಗೆದಳು. ಅಧ್ಯಯನದ ಹಳೆಯ ಡೈರಿ. ಉಳಿದ ಹಾಳೆಗಳಲ್ಲಿ ಈಗ ಅಮ್ಮನದನ್ನು ಬರೆಯುತ್ತಿದ್ದಳು, ಮೇಲೆ ಅಮ್ಮ ಎಂದು ದೊಡ್ಡದಾಗಿ ಬರೆದು. "ಅಮ್ಮ, ಚಪ್ಪಲಿ ಬಿಚ್ಚು. ವಾಚೂ ಬಿಚ್ಚು. ಉಸಿರು ಬಿಗಿ ಹಿಡೀಬೇಡ, ಅದರಿಂದ ಕಮ್ಮಿ ಆಗಲ್ಲ."

ತಾಯಿ ಹೇಳಿದ ಹಾಗೆ ಮಾಡಿ ತಕ್ಕಡಿ ಹತ್ತಿದಳು. ಅಕ್ಕ ಅಂಕಿ ನೋಡಿ, ಚೀಟಿಯಲ್ಲಿ ಬರೆದು, ಮಗುಚಿ ಇಟ್ಟಳು.

"ಎಷ್ಟು?" ಎಂದು ತಾಯಿ ಕತ್ತು ಚಾಚಿದಳು.

"ನಿನಗ್ಯಾಕಮ್ಮ," ಎಂದಳು ಹುಡುಗಿ, ಚೀಟಿಯನ್ನು ಎತ್ತಿ ಡೈರಿಯೊಳಗೆ ಇಡುತ್ತ, "ಡಾಕ್ಟ್ರಿಗೆ ಹೇಳ್ತೀನಿ."